ಗೇಟ್ ಬುಕ್ಕಿನ ಕಾವಲು

ಗುಳಿಗೆಯ ಡಬ್ಬಿಯ ಮುಚ್ಚಳ ತೆರೆದರೆ ಹತ್ತಿಯ ಉಂಡೆಯ ಕೆಳಗೆ ಒಂದು ಪುಟ್ಟ ಬಿಳಿಯ ಪೊಟ್ಟಣ ಮಲಗಿರುತ್ತದೆ, ನೀವೂ ನೋಡಿರುತ್ತೀರಿ. ತಿನ್ನಬಾರದೆಂಬ ಎಚ್ಚರಿಕೆಯನ್ನು ಮೈತುಂಬ ಬರೆಸಿಕೊಂಡ ಆ ಬಡಪಾಯಿಯ ಜೀವಿತಕಾರ್ಯ ಒಂದೇ, ಸುತ್ತಲಿನ ತೇವವನ್ನು ಹೀರಿಕೊಳ್ಳುವುದು. ಚನ್ನಗಿರಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಔಷಧದ ಅಂಗಡಿ ನಡೆಸಿ, ‘ಮೆಡಿಕಲ್ ನಾಗಣ್ಣ’ ಎಂಬ ಬಿರುದನ್ನು ಸಂಪಾದಿಸಿ, ಈಗ ನಿವೃತ್ತನಾಗಿರುವ ನಾನು ಈ ಪೊಟ್ಟಣಗಳನ್ನು ಎಂದೂ ಎಸೆದವನಲ್ಲ. ಗಿರಾಕಿಗಳಿಗೆ ಗುಳಿಗೆ ಎಣಿಸಿ ಕೊಟ್ಟ ಮೇಲೆ ಖಾಲಿ ಡಬ್ಬಿಯಿಂದ ಅವನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ರಾತ್ರಿ ಅಂಗಿ ಒಗೆಯಲು ತೆಗೆದುಕೊಂಡ ನನ್ನ ಹೆಂಡತಿ ಸರೋಜ, ಜೇಬಿನಲ್ಲಿ ಇವು ಸಿಕ್ಕಿದಾಗ ಮೊದಮೊದಲು ಗಾಬರಿಯಾಗಿದ್ದಳು. ಆಮೇಲೆ ಗಂಡನಿಗೆ ಇರುವ ಅನೇಕ ಕಾಯಿಲೆಗಳಲ್ಲಿ ಇದೂ ಒಂದು ಎಂದು ಸಮಾಧಾನ ತಂದುಕೊಂಡಳು.

ಕಾಯಿಲೆಯ ಹೆಸರನ್ನು ಹೇಳಿಬಿಡುತ್ತೇನೆ: ಭಯ. ಸಾಮಾನ್ಯರಿಗೆ ಹಾವು, ಚೇಳು, ಸಾಲಗಾರ, ಸಾವು ಇವುಗಳ ಭಯವಿದ್ದರೆ ನನಗೆ ಇಲಿ, ಗೆದ್ದಲು, ಬೆಳ್ಳಿಮೀನಿನಂಥ ಕಾಗದದ ಹುಳು, ಸೋರುವ ಸೂರು, ಗುಜರಿಯವನ ಕೂಗು ಮತ್ತು ಮನೆಗೆ ಬಂದ ನೆಂಟರ ಒದ್ದೆ ಕೈ ಇವುಗಳ ಭಯ. ಯಾಕೆಂದರೆ ನಾನು ರೈಲಿನ ಹಳೆಯ ಸಾಮಾನುಗಳ ಸಂಗ್ರಾಹಕ. ರೈಲಿನ ಹಳಿಯೇ ಇಲ್ಲದ ಊರಿನಲ್ಲಿ ರೈಲಿನ ಸಾಮಾನು ಕೂಡಿಹಾಕುವುದು, ಅಜ್ಜಿಗೆ ಅರಿವೆ ಚಿಂತೆಯಾದರೆ ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಎಂಬಂಥ ಕೆಲಸವೆಂದು ನನಗೂ ಗೊತ್ತು. ಆದರೂ ರಟ್ಟಿನ ಟಿಕೇಟುಗಳು, ಕೆಂಪು ಹಸಿರು ಗಾಜಿನ ಕೈದೀಪ, ಬಾವುಟಗಳು, ಗಂಟೆಯಾಗಿ ಬಾರಿಸುತ್ತಿದ್ದ ಹಳಿಯ ತುಂಡು, ಒಂದು ಹಿತ್ತಾಳೆಯ ಟೋಕನ್ ಬಿಲ್ಲೆ ಇವೆಲ್ಲ ಹೇಗೋ ನನ್ನ ಅಟ್ಟ ಸೇರಿದ್ದವು. ಹೆಚ್ಚಿನವು ಗುಜರಿ ಅಂಗಡಿಯ ತಕ್ಕಡಿಯಿಂದ ಕೊನೆಯ ಗಳಿಗೆಯಲ್ಲಿ ಕೆಳಗಿಳಿಸಿದಂಥವು.

ಇವೆಲ್ಲಕ್ಕಿಂತ ಮಿಗಿಲಾಗಿ ನನ್ನ ಬಳಿ ಇದ್ದದ್ದು ನನ್ನ ಸೋದರಮಾವ ಹನುಮಂತಪ್ಪನ ಎರಡು ಗೇಟ್ ಬುಕ್ಕುಗಳು. ಬೀರೂರು–ಶಿವಮೊಗ್ಗ ದಾರಿ ಇನ್ನೂ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಅವನು ಒಂದು ರೈಲ್ವೆ ಗೇಟಿನ ಕಾವಲುಗಾರ. ಗಾಡಿ ಬರುವ ಮೊದಲು ಸ್ಟೇಷನ್ನಿನಿಂದ ಫೋನು ಬರುತ್ತಿತ್ತು. ಗಾಡಿಯ ನಂಬರು, ಹೊತ್ತು, ಜೊತೆಗೆ ಮಾಸ್ತರರು ಹೇಳುವ ಒಂದು ಗುಟ್ಟಿನ ಅಂಕಿ ಇವಿಷ್ಟನ್ನೂ ಪುಸ್ತಕದಲ್ಲಿ ಬರೆದು ಗೇಟು ಹಾಕಬೇಕು. ಹೀಗೆ ಅವನು ತುಂಬಿಸಿದ ಪುಸ್ತಕಗಳು ಎಷ್ಟೋ. ನಡುವಿನವೆಲ್ಲ ರದ್ದಿಗೆ ಹೋದವು. ಮೊದಲನೆಯದನ್ನೂ ಕೊನೆಯದನ್ನೂ ಅವನು ದೊಡ್ಡವರನ್ನು ಕೇಳಿಕೊಂಡು ಮನೆಗೆ ತಂದಿದ್ದ. ಕೊನೆಯ ಪುಸ್ತಕದ ಕೊನೆಯ ಪುಟದಲ್ಲಿ, ಮೀಟರ್ ಗೇಜಿನ ಕಡೆಯ ಗಾಡಿ ದಾಟಿದ ಮೇಲೆ, ಷರಾ ಬರೆಯುವ ಕಡೆ ಅವನು ‘ಇನ್ನು ಗಾಡಿ ಇಲ್ಲ’ ಎಂದು ಬರೆದು ಸಹಿ ಮಾಡಿದ್ದ. ಆ ಮೂರು ಪದಗಳೇ ನನ್ನ ಸಂಗ್ರಹದ ಕಿರೀಟ. ದಾವಣಗೆರೆಯಿಂದ, ಶಿವಮೊಗ್ಗದಿಂದ ನನ್ನಂಥ ಮರುಳರು ಬಂದು ಅದರ ಮುಂದೆ ಕೈಕಟ್ಟಿ ನಿಂತು ನೋಡಿ ಹೋಗುತ್ತಿದ್ದರು. ಫೋಟೋ ತೆಗೆಯಲು ನಾನು ಬಿಡುತ್ತಿರಲಿಲ್ಲ. ಬೆಳಕು ತಾಕಿದರೆ ಬರಹ ಮಾಸೀತೆಂಬ ಭಯ.

ಸಂಗ್ರಹಕ್ಕೆ ಮೊದಲ ಪೆಟ್ಟು ಬಿದ್ದದ್ದು ಭಕ್ತಿಯಿಂದ. ಆಯುಧಪೂಜೆಯ ಹಿಂದಿನ ದಿನ ನಾನು ಯಾವುದೋ ಮದುವೆಗೆ ಹೋಗಿದ್ದಾಗ ಸರೋಜ ಕೈದೀಪವನ್ನು ಕೆಳಗಿಳಿಸಿ, ಹುಣಸೆಹುಳಿ ಬೂದಿ ಹಾಕಿ ಫಳಫಳನೆ ಉಜ್ಜಿ, ಕುಂಕುಮ ಹಚ್ಚಿ ಇಟ್ಟಿದ್ದಳು. ಮೈಮೇಲೆ ಬಣ್ಣದಲ್ಲಿ ಬರೆದಿದ್ದ ರೈಲ್ವೆಯ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ನಾನು ಅದನ್ನೇ ದಿಟ್ಟಿಸುತ್ತಿದ್ದರೆ ಅವಳು, “ಯಾಕ್ರೀ ಹಂಗೆ ನೋಡ್ತೀರಿ? ಎಷ್ಟು ವರ್ಸದ ಕೊಳೆ ಇತ್ತು ಗೊತ್ತೇನ್ರಿ, ಕೈ ಎಲ್ಲಾ ಉರೀತೈತೆ” ಎಂದಳು. ಅವಳ ಕೈಗೆ ನಾನೇ ಮುಲಾಮು ಕೊಡಬೇಕಾಯಿತು. ಅಂದೇ ನಿಶ್ಚಯಿಸಿದೆ, ಎಲ್ಲವನ್ನೂ ಒಂದೇ ಮನೆಯಲ್ಲಿಟ್ಟರೆ ಒಂದೇ ಹಬ್ಬಕ್ಕೆ ಎಲ್ಲವೂ ಮಟಾಷ್.

ಭಯಸ್ಥರ ಬುದ್ಧಿ ಚುರುಕು, ಆದರೆ ಅದು ಓಡುವುದು ಹಿಂದುಮುಂದಾಗಿ. ಬಟ್ಟೆಗೂ ಕಾಗದಕ್ಕೂ ಒಣಹವೆ ಶ್ರೇಷ್ಠವೆಂದು ತರ್ಕಿಸಿ ಬಾವುಟಗಳನ್ನೂ ಗೇಟ್ ಬುಕ್ಕುಗಳನ್ನೂ ಜಗಳೂರಿಗೆ ಸಾಗಿಸಿದೆ. ಅಲ್ಲಿ ನನ್ನ ಸಹಪಾಠಿ ತಿಪ್ಪೇಸ್ವಾಮಿ ಇದ್ದಾನೆ; ಅವನ ಊರಿನ ಆಕಾಶ ಮಳೆಯನ್ನು ಸುರಿಸುವುದು ಹಬ್ಬಕ್ಕೊಮ್ಮೆ. ಆರು ತಿಂಗಳು ನಿಶ್ಚಿಂತೆಯಿಂದ ಉಂಡೆ. ಆಮೇಲೆ ಹೋಗಿ ನೋಡಿದರೆ ಮಣ್ಣಿನ ಗೋಡೆಯಿಂದ ಇಳಿದ ಗೆದ್ದಲು ಕೆಂಪು ಬಾವುಟವನ್ನು ಕೋಲಿನ ಸಮೇತ ಪೂರೈಸಿ, ಹಸಿರು ಬಾವುಟವನ್ನು ಮಾತ್ರ ಬಿಟ್ಟಿದ್ದವು. ಒಣನೆಲದಲ್ಲಿ ಗೆದ್ದಲು ಹೆಚ್ಚೆಂಬುದು ಔಷಧಶಾಸ್ತ್ರದಲ್ಲಿ ಬರೆದಿರಲಿಲ್ಲ. ಪುಸ್ತಕಗಳ ಗಂಟಿಗೆ ಇನ್ನೊಂದು ಗೇಣು ದೂರವಿತ್ತು ಅಷ್ಟೇ. ತಿಪ್ಪೇಸ್ವಾಮಿ ಗಡ್ಡ ಕೆರೆದುಕೊಳ್ಳುತ್ತ, “ಮುಂದಕ್ಕೆ ಹೋಗಾಕೆ ಗೆದ್ದಲಿಗೂ ಹಸಿರು ಬಾವುಟ ಬೇಕಲ್ಲೋ ನಾಗಣ್ಣ, ಅದ್ಕೇ ಬಿಟ್ಟಾವೆ” ಎಂದ. ಅವನಿಗೆ ನಗು, ನನಗೆ ಬೆವರು. ಆ ಗೇಣಿನಷ್ಟು ದೂರವನ್ನು ನಾನು ಬಹಳ ದಿನ ಕನಸಿನಲ್ಲಿ ಅಳೆದೆ.

ಉಳಿದದ್ದು ಹೊನ್ನಾಳಿ. ಅಲ್ಲಿ ಹೊಳೆಗೆ ಹತ್ತಿರದ ಓಣಿಯಲ್ಲಿ ನನ್ನ ಅಕ್ಕ ಗೌರಮ್ಮ, ಮಗ ಸೊಸೆಯರೊಂದಿಗೆ ಇದ್ದಾಳೆ. ಸಿಮೆಂಟಿನ ಮಹಡಿ ಮನೆ, ಗೆದ್ದಲಿನ ಸುಳಿವಿಲ್ಲ. ಮೇಲಾಗಿ ಅಕ್ಕ ಚಿಕ್ಕಂದಿನಲ್ಲಿ ಮಾವನ ಗೇಟಿನ ಮನೆಯಲ್ಲೇ ಇದ್ದು ಎರಡು ವರ್ಷ ಶಾಲೆಗೆ ಹೋದವಳು; ಮಾವನೆಂದರೆ ಜೀವ. ಪುಸ್ತಕಗಳಿಗಾಗಿ ನ್ಯಾಮತಿಯ ಟ್ರಂಕು ಮಾಡುವ ಬಾಷಾ ಸಾಹೇಬರ ಹತ್ತಿರ ಹೊಸ ತಗಡಿನ ಟ್ರಂಕು ಮಾಡಿಸಿದೆ. ತಗಡು ದಪ್ಪನೆಯದಿರಲಿ, ಬೀಗಕ್ಕೆ ಎರಡು ಕೊಂಡಿಯಿರಲಿ, ಒಳಗೆ ಉಸಿರು ಕಟ್ಟಿ ಬೂಷ್ಟು ಹಿಡಿಯದ ಹಾಗೆ ಗಾಳಿಯಾಡಲಿ ಎಂದು ನಾನು ನೂರೆಂಟು ಸೂಚನೆ ಕೊಟ್ಟೆ. ಅವರು ತಾಳ್ಮೆಯಿಂದ ತಲೆಯಾಡಿಸಿ, ಹೇಳಿದ್ದನ್ನೆಲ್ಲ ಮಾಡಿಕೊಟ್ಟರು.

ಟ್ರಂಕು ತುಂಬುವಾಗ ನಮ್ಮ ಕಡೆಯ ಹೆಂಗಸರ ವಾಡಿಕೆಯನ್ನೇ ಅನುಸರಿಸಿದೆ. ಬಂಗಾರವನ್ನು ಯಾರೂ ಸೀರೆಯ ಮೇಲಿಡುವುದಿಲ್ಲ; ಎಲ್ಲಕ್ಕೂ ತಳದಲ್ಲಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ಹಾಗೆಯೇ ಕಡೆಯ ಗಾಡಿಯ ಪುಸ್ತಕವನ್ನು ಮೂರು ಸುತ್ತು ಬಟ್ಟೆಯಲ್ಲಿ ಸುತ್ತಿ ಅಡಿಗಿಟ್ಟೆ. ಅದರ ಮೇಲೆ ಟಿಕೇಟುಗಳ ಚೀಲ, ಅದರ ಮೇಲೆ ಮೊದಲ ಪುಸ್ತಕ, ಸಂದುಗೊಂದುಗಳಲ್ಲೆಲ್ಲ ನನ್ನ ಬಿಳಿಯ ಪೊಟ್ಟಣಗಳು. ಮೊದಲ ಪುಸ್ತಕದ ಬಗ್ಗೆ ನನಗೆ ಅಂಥ ಮಮತೆಯಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅಂಕಿಗಳು ಸೊಟ್ಟಪಟ್ಟ, ಎಲ್ಲೆಲ್ಲೂ ಹೊಡೆದು ತಿದ್ದಿದ ಗುರುತು. ಬಂದವರಿಗೆ ತೋರಿಸಲು ನಾಚಿಕೆಯಾಗುವಂಥದು.

ಬೀಗದ ಕೈಯನ್ನು ಅಕ್ಕನಿಗೆ ಕೊಡಲಿಲ್ಲ. ಕೊಟ್ಟರೆ ಮುಂದಿನ ದಸರೆಗೆ ಹುಣಸೆಹುಳಿ ಗ್ಯಾರಂಟಿ. ಬದಲಿಗೆ ರೈಲ್ವೆಯ ಒಂದು ನಿಯಮವನ್ನೇ ಅವಳ ಮೇಲೆ ಹೇರಿದೆ. ಒಂಟಿ ಹಳಿಯ ದಾರಿಯಲ್ಲಿ ಎದುರುಬದುರು ಗಾಡಿ ಬರಬಾರದೆಂದು ಹಿಂದೆ ಡ್ರೈವರನ ಕೈಗೆ ಒಂದು ಟೋಕನ್ ಬಿಲ್ಲೆ ಕೊಡುತ್ತಿದ್ದರು; ಅದು ಕೈಗೆ ಬಾರದೆ ಎಂಥ ಅವಸರವಿದ್ದರೂ ಗಾಡಿ ಕದಲುವಂತಿಲ್ಲ. ಈ ಕಥೆಯನ್ನು ಮಾವ ನಮ್ಮಿಬ್ಬರಿಗೂ ಎಷ್ಟೋ ಸಲ ಹೇಳಿದ್ದ. “ಅಕ್ಕ, ಬಿಲ್ಲೆ ನನ್ನ ಹತ್ರ ಇರ್ತೈತೆ. ಅದನ್ನ ತಗಂಡು ನಾನು ಬರೋವರ್ಗೂ ಟ್ರಂಕನ್ನ ಯಾರೂ ಮುಟ್ಟಬಾರ್ದು, ಜರುಗಿಸಬಾರ್ದು” ಎಂದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ಅವಳು ನಗದೆ, “ಆತು ಬಿಡು, ಮಾವನ ಕಾಯ್ದೆ” ಎಂದಳು. ಎಂಥ ಉಪಾಯ ಹೂಡಿದೆನೆಂದು ದಾರಿಯುದ್ದಕ್ಕೂ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಚನ್ನಗಿರಿಗೆ ವಾಪಸಾದೆ.

ಎರಡು ವರ್ಷದ ಮೇಲೆ ಬಂದ ಆ ಮಳೆಗಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲೆನಾಡಿನ ಕಡೆ ಬಿಡದೆ ಸುರಿಯಿತು, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು, ಒಂದು ಬೆಳಿಗ್ಗೆ ಹೊನ್ನಾಳಿಯ ಹೊಳೆಯಂಚಿನ ಓಣಿಗಳಿಗೆ ನೀರು ಬಂತೆಂದು ಸುದ್ದಿಯಾಯಿತು. ಅಕ್ಕನಿಗೆ ಫೋನು ಮಾಡಿದೆ, ಸ್ವಿಚ್ ಆಫ್. ಅವಳ ಮಗನಿಗೆ ಮಾಡಿದೆ, ಹೊಡೆಯಿತು, ಎತ್ತಲಿಲ್ಲ. ನಾನು ಮೊದಲು ಹೆದರಿದ್ದು ಅಕ್ಕನಿಗಾಗಿಯೋ ಟ್ರಂಕಿಗಾಗಿಯೋ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. ಅಂಗಿ ತೊಟ್ಟು, ಬೀಗದ ಕೈಯನ್ನೂ ಬಿಲ್ಲೆಯನ್ನೂ ಜೇಬಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ ಎಂಬುದೇ ಉತ್ತರ. ಹಿಂದಿನಿಂದ ಸರೋಜ, “ಅಕ್ಕಾರ್ನ ಮೊದ್ಲು ವಿಚಾರಿಸ್ರಿ, ಆಮೇಲೆ ನಿಮ್ಮ ಡಬ್ಬ” ಎಂದು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

ನೇರ ದಾರಿಯಲ್ಲಿ ಹಳ್ಳ ತುಂಬಿದೆಯೆಂದು ಬಸ್ಸು ನ್ಯಾಮತಿಯನ್ನು ಸುತ್ತಿಕೊಂಡು ಹೊರಟಿತು. ನ್ಯಾಮತಿಯಲ್ಲಿ ಬಸ್ಸು ನಿಂತಾಗ ಸ್ಟ್ಯಾಂಡಿನ ಎದುರಿಗೇ ಬಾಷಾ ಸಾಹೇಬರ ಅಂಗಡಿ ತೆರೆದಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರಲ್ಲ, ನಾನು ಇಳಿದುಹೋಗಿ ಒಂದೇ ಉಸಿರಿಗೆ, ಅವರು ಮಾಡಿದ ಟ್ರಂಕು ನೀರಿನಲ್ಲಿ ಕೂತರೆ ಒಳಗೆ ನೀರು ಹೋಗುತ್ತದೆಯೇ ಎಂದು ಕೇಳಿದೆ.

ಅವರು ಬಡಿಯುತ್ತಿದ್ದ ಸುತ್ತಿಗೆಯನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ನಾನು ಮಾಡಿದ ಟ್ರಂಕಿನ ಬೆಸುಗೆಯಾಗೆ ಒಂದು ತೊಟ್ಟು ನೀರು ಹೋಗಾಕಿಲ್ಲ ಅಣ್ಣಾರೆ. ಆದ್ರೆ ನಿಮ್ಮ ಟ್ರಂಕಿಗೆ ಗಾಳಿ ಆಡಬೇಕು ಅಂತ ನೀವೇ ಅಡಿಗೆ ಎಂಟು ತೂತು ಹಾಕ್ಸಿದ್ರಲ್ಲ” ಎಂದರು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಅಂಗಡಿಗೆ ಬಂದವರ ಮುಂದೆ ಎಷ್ಟು ಸಲ ಹೇಳಿದ್ದೆನೋ. ಆ ಬೇಲಿ ನಾನೇ ಎಂದು ತಿಳಿದದ್ದು ನ್ಯಾಮತಿಯ ಬಸ್ ಸ್ಟ್ಯಾಂಡಿನಲ್ಲಿ. ಉಳಿದ ದಾರಿಯಲ್ಲಿ ಕಿಟಕಿಯ ಪಕ್ಕ ಕೂತು ಎಂಟು ತೂತುಗಳನ್ನು ಎಣಿಸುತ್ತಲೇ ಇದ್ದೆ. ಪ್ರತಿ ಸಲವೂ ಎಂಟೇ ಬರುತ್ತಿತ್ತು.

ಹೊನ್ನಾಳಿಯಲ್ಲಿ ಅಕ್ಕನ ಓಣಿಯ ಬಾಯಲ್ಲಿ ಮೊಣಕಾಲುದ್ದ ಕೆಂಪು ನೀರು. ಮುಖ ಪರಿಚಯದವರು ಹಗ್ಗ ಹಿಡಿದು ದಾಟಿಸಿದರು. ಬಾಗಿಲು ತೆರೆದೇ ಇತ್ತು. ಒಳಗೆ ಪಾದ ಮುಳುಗಿ ಮೇಲೆ ನಾಲ್ಕು ಬೆರಳು ನೀರು. ಅಕ್ಕಿಯ ಚೀಲ, ಟೀವಿ, ಗ್ಯಾಸಿನ ಸಿಲಿಂಡರು, ದೇವರ ಫೋಟೋ, ರುಬ್ಬುವ ಗ್ರೈಂಡರು ಎಲ್ಲವೂ ಮಹಡಿ ಸೇರಿ ಮನೆ ಬರಿದಾಗಿತ್ತು. ನಡುಮನೆಯ ಮೂಲೆಯಲ್ಲಿ ನನ್ನ ಟ್ರಂಕು ಒಂದೇ, ಇಟ್ಟ ಜಾಗದಿಂದ ಕೂದಲೆಳೆಯಷ್ಟೂ ಕದಲದೆ, ನೀರಿನಲ್ಲಿ ಕೂತಿತ್ತು. ಅದರ ಎದುರಿಗೆ, ಮಹಡಿಯ ಮೂರನೆಯ ಮೆಟ್ಟಿಲ ಮೇಲೆ, ಸೆರಗನ್ನು ತಲೆಗೆ ಹೊದ್ದು ನನ್ನ ಅಕ್ಕ ಕೂತಿದ್ದಳು.

ನನ್ನನ್ನು ಕಂಡವಳೇ ಎದ್ದು ನಿಂತಳು. “ಬಿಲ್ಲೆ ತಂದ್ಯೇನೋ?” ಎಂದಳು.

ಜೇಬಿನಿಂದ ಬಿಲ್ಲೆ ತೆಗೆದು ತೋರಿಸಿದೆ. ಎಪ್ಪತ್ತು ದಾಟಿದ ಹೆಂಗಸು ದಡದಡನೆ ನೀರಿಗಿಳಿದು ಟ್ರಂಕಿನ ಒಂದು ಹಿಡಿಕೆ ಹಿಡಿದಳು. ಇನ್ನೊಂದನ್ನು ನಾನು ಹಿಡಿದೆ. ಎತ್ತುವಾಗ ಎಂಟು ತೂತುಗಳಿಂದಲೂ ನೀರು ಸುರಿಯಿತು. ಆ ಸದ್ದನ್ನು ಕೇಳಿ ನಾನು ರೇಗಿದೆ. ಹೆದರಿದವನ ಕೋಪಕ್ಕೆ ವಿವೇಕವಿರುವುದಿಲ್ಲ. “ಗ್ರೈಂಡರ್ ಎತ್ತಿದೋರಿಗೆ ಇದೊಂದು ಎತ್ತಾಕೆ ಆಗ್ಲಿಲ್ವಾ ಅಕ್ಕ?” ಎಂದೆ.

ಅವಳು ಮೆಟ್ಟಿಲ ಮೇಲೆ ಟ್ರಂಕು ಇಳಿಸಿ ಸುಧಾರಿಸಿಕೊಂಡಳು. “ಮಗ ಎತ್ತಾಕೆ ಬಂದ. ನಾನೇ ಬ್ಯಾಡ ಅಂದೆ. ಬಿಲ್ಲೆ ಇಲ್ಲದಂಗೆ ಗಾಡಿ ಬಿಟ್ರೆ ಮಾವ ಏನಂತಿದ್ದ, ನೆನಪೈತಾ? ಹಂಗಂತ ಬಿಟ್ಟು ಹೋಗಾಕೂ ಮನಸಾಗ್ಲಿಲ್ಲ. ಬೆಳಕು ಹರಿದಾಗಿಂದ ಇಲ್ಲೇ ಕುಂತೀನಿ. ಒಂದೊಂದೇ ಬೆರಳು ಏರಾದನ್ನ ನೋಡ್ತಾ ಕುಂತೀನಿ ಕಣೋ. ನೀನು ಬರ್ತೀಯೋ ಇಲ್ವೋ ಅಂತ ಜೀವ ಹೋಗಿತ್ತು.” ಭಯವೆಂಬುದು ನನ್ನೊಬ್ಬನ ಪಿತ್ರಾರ್ಜಿತವೆಂದು ಅಲ್ಲಿಯವರೆಗೆ ತಿಳಿದಿದ್ದೆ. ಅವಳು ಕಾವಲು ಕೂತಿದ್ದಳು. ಕೈಗೆ ಬೀಗದ ಕೈಯನ್ನು ಕೊಡದೆ ಕೂರಿಸಿದವನು ನಾನು. ನನಗೆ ನಾಚಿಕೆಯಾಯಿತು.

ಮಹಡಿಯ ಮೇಲೆ ಬೀಗ ತೆಗೆದೆವು. ನನ್ನ ನೂರಾರು ಬಿಳಿಯ ಪೊಟ್ಟಣಗಳು ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಬಿದ್ದುಕೊಂಡಿದ್ದವು. ಪಾಪ, ಅವು ಕರ್ತವ್ಯಭ್ರಷ್ಟವಾಗಲಿಲ್ಲ. ಟಿಕೇಟುಗಳು ಅಂಬಲಿಯಾಗಿದ್ದವು. ಅಡಿಯಲ್ಲಿದ್ದ ಗಂಟನ್ನು ಎತ್ತಿದಾಗ ಬಟ್ಟೆಯ ಮೂರು ಸುತ್ತೂ ನೇರಳೆ ಹಣ್ಣು ಹಿಂಡಿದ ಹಾಗೆ ಬಣ್ಣ ಕಟ್ಟಿತ್ತು. ಆಗಿನ ಕಾಲಕ್ಕೆ ರೈಲ್ವೆಯಲ್ಲಿ ಬರೆಯಲು ಒಂದು ಬಗೆಯ ಪೆನ್ಸಿಲ್ ಕೊಡುತ್ತಿದ್ದರು. ಒಣಗಿದ್ದಾಗ ಅದರ ಬರಹ ಬೂದು ಬಣ್ಣ, ರಬ್ಬರಿಗೆ ಅಳಿಸದು. ನೀರು ತಾಗಿದರೆ ಕಡು ನೇರಳೆಯಾಗಿ ಹರಡಿಕೊಳ್ಳುತ್ತದೆ. ಕೊನೆಯ ಪುಸ್ತಕದ ಪ್ರತಿ ಪುಟವೂ ಒಂದೊಂದು ನೇರಳೆಯ ಕೆರೆಯಾಗಿತ್ತು. ‘ಇನ್ನು ಗಾಡಿ ಇಲ್ಲ’ ಎಂಬುದು ಎಲ್ಲಿತ್ತೆಂದು ನನಗೆ ಬಾಯಿಪಾಠ ಬರುತ್ತಿತ್ತು. ಅಲ್ಲಿ ಬೆರಳಿಟ್ಟೆ. ಬೆರಳಿಗೆ ಬಣ್ಣ ಬಂತು, ಅಕ್ಷರ ಬರಲಿಲ್ಲ. ಅಕ್ಕನ ಎದುರಿಗೇ ಅತ್ತುಬಿಟ್ಟೆ. ಅತ್ತೆನೆಂದು ಬರೆಯಲು ಸಂಕೋಚವಿಲ್ಲ. ಅದನ್ನು ಒಂದು ಫೋಟೋ ಕೂಡ ತೆಗೆಯಗೊಡದೆ ಕಾಪಾಡಿದ್ದೆನಲ್ಲ ಎಂದು ಬರೆಯಲು ಸಂಕೋಚವಾಗುತ್ತದೆ.

ಮೇಲಿದ್ದ ಮೊದಲ ಪುಸ್ತಕಕ್ಕೆ ನೀರು ಪೂರ್ತಿ ಏರಿರಲಿಲ್ಲ. ಕಾಗದ ಬರೀ ತೇವ ಹೀರಿತ್ತು. ಅಕ್ಕ ತನ್ನ ಹಳೆಯ ನೂಲಿನ ಸೀರೆಗಳನ್ನು ಹರಿದು ಹಾಳೆಗಳ ನಡುವೆ ಇಡುತ್ತಾ ಬಂದಳು. ಬಿಸಿಲು ಬೇಡ, ನೆರಳಿನ ಗಾಳಿ ಸಾಕು ಎಂದು ನಾನು ಅಷ್ಟರ ಮಟ್ಟಿನ ಪಾಂಡಿತ್ಯ ತೋರಿಸಿದೆ. ಹೊಳೆ ಇಳಿದು ಮನೆ ತೊಳೆದಾದ ಮೇಲೂ ನಾನು ಅಲ್ಲೇ ಉಳಿದೆ. ಒಂದು ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಕೂತು ಒಣಗಿದ ಪುಟಗಳನ್ನು ಬಿಡಿಸಿದೆವು. ಎಷ್ಟೋ ವರ್ಷಗಳಿಂದ ಮಾಸಿ ಕಾಣದಂತಿದ್ದ ಬೂದು ಗೀಟುಗಳು ಆ ತೇವಕ್ಕೆ ನೇರಳೆಯಾಗಿ ಎದ್ದು, ನಿನ್ನೆ ಬರೆದ ಹಾಗೆ ಕಣ್ಣಿಗೆ ಹೊಡೆಯುತ್ತಿದ್ದವು. ಅಂಕಿಗಳು ಮಾತ್ರ ಅವೇ ಸೊಟ್ಟ ಅಂಕಿಗಳು. ಒಂಬತ್ತು ಬಂದಲ್ಲೆಲ್ಲ ಹೊಟ್ಟೆ ಎಡಕ್ಕಿರಬೇಕಾದ್ದು ಬಲಕ್ಕೆ ತಿರುಗಿಕೊಂಡಿತ್ತು. ಪಕ್ಕದಲ್ಲಿ ಯಾರೋ ಸಣ್ಣದಾಗಿ ಸರಿಯಾದ ಒಂಬತ್ತು ಬರೆದು ತೋರಿಸಿದ ಗುರುತು.

ಅಕ್ಕ ಆ ಸಣ್ಣ ಒಂಬತ್ತಿನ ಮೇಲೆ ಬೆರಳಿಟ್ಟಳು. “ಇದು ನಂದು” ಎಂದಳು.

ಆಮೇಲೆ ಅವಳು ಹೇಳಿದ್ದಿದು: ಮಾವನಿಗೆ ಓದುಬರಹ ಬರುತ್ತಿರಲಿಲ್ಲ. ಬರುತ್ತದೆಂದು ಸುಳ್ಳು ಹೇಳಿ ಗೇಟಿನ ಕೆಲಸ ಹಿಡಿದಿದ್ದ. ಮೊದಲ ದಿನಗಳಲ್ಲಿ ಫೋನಿನಲ್ಲಿ ಕೇಳಿದ ಅಂಕಿಗಳನ್ನು ನಾಲಿಗೆಯ ಮೇಲೇ ಹಿಡಿದಿಟ್ಟುಕೊಂಡು, ಸೋದರಸೊಸೆ ಗೌರಿಯ ಮುಂದೆ ಪುಸ್ತಕ ಹಿಡಿಯುತ್ತಿದ್ದ. ಐದನೆಯ ಇಯತ್ತೆಯ ಹುಡುಗಿ ದಿನಾ ಶಾಲೆಗೆ ಹೋಗುವ ಮುನ್ನ, ಬಂದ ಮೇಲೆ, ಅವನಿಗೆ ಅಂಕಿ ತಿದ್ದಿಸಿದಳು, ಹೆಸರು ಬರೆಯಲು ಕಲಿಸಿದಳು. “ಅಂಕಿ ತಪ್ಪಿದ್ರೆ ಗಾಡಿಗೆ ಗಂಡಾಂತರ, ಸಿಕ್ಕಿಬಿದ್ರೆ ನೌಕ್ರಿಗೆ ಗಂಡಾಂತರ. ಅಷ್ಟು ಹೆದ್ರುತಿದ್ದ ಮಾವ. ಯಾರಿಗೂ ಹೇಳಬ್ಯಾಡ ಗೌರಿ ಅಂತ ಮಾತು ತಗಂಡಿದ್ದ, ನಾನು ಇವತ್ತಿನ ತನಕ ಬಾಯಿ ಬಿಟ್ಟಿಲ್ಲ” ಎಂದಳು. ಅದಕ್ಕೇ ಅವನು, ಇದ್ದಬದ್ದ ಪುಸ್ತಕಗಳಲ್ಲಿ, ಆ ಸೊಟ್ಟ ಪುಸ್ತಕವನ್ನು ಬೇಡಿ ಮನೆಗೆ ತಂದದ್ದು. ‘ಇನ್ನು ಗಾಡಿ ಇಲ್ಲ’ ಎಂದು ಬರೆಯುವಷ್ಟು ಅಕ್ಷರವನ್ನು ಅವನ ಕೈಗೆ ಕೂರಿಸಿದವಳ ಮನೆಯಲ್ಲೇ ಆ ಪುಸ್ತಕವನ್ನು ಎರಡು ವರ್ಷ ಬೀಗ ಹಾಕಿ ಇಟ್ಟಿದ್ದೆ. ಒಮ್ಮೆಯೂ ತೆರೆದು ತೋರಿಸಿರಲಿಲ್ಲ.

ಈಗ ಬೇರೊಂದು ಭಯ ನನ್ನನ್ನು ಹಿಡಿಯಿತು. ಅಕ್ಕನಿಗೆ ವಯಸ್ಸಾಗಿದೆ, ನನಗೂ ಆಗಿದೆ. ನಾವಿಬ್ಬರೂ ಹೋದ ಮೇಲೆ ಪುಸ್ತಕ ಉಳಿದರೂ ಆ ಒಂಬತ್ತು ಯಾರದೆಂದು ಹೇಳುವವರಿಲ್ಲ. ಈ ನಷ್ಟಕ್ಕೆ ಗೆದ್ದಲೂ ಬೇಕಿಲ್ಲ, ಹೊಳೆಯೂ ಬೇಕಿಲ್ಲ. ನಾವು ಸುಮ್ಮನೆ ಸತ್ತರೆ ಸಾಕು. ಪುಟ ಮುಟ್ಟುವ ಮೊದಲು ಕೈ ತೊಳೆಸುತ್ತಿದ್ದ, ಉಸಿರು ತಾಕೀತೆಂದು ಬಾಯಿಗೆ ಕರವಸ್ತ್ರ ಕಟ್ಟಿಸುತ್ತಿದ್ದ ನಾನು ಜೇಬಿನಿಂದ ಪೆನ್ಸಿಲ್ ತೆಗೆದು ಅವಳ ಕೈಗಿತ್ತೆ. “ಇದರ ಪಕ್ಕ ನಿನ್ನ ಹೆಸರು ಬರಿ ಅಕ್ಕ” ಎಂದೆ.

ಅವಳು ಹಿಂದೆ ಸರಿದಳು. “ಹಾಳಾಗಲ್ವೇನೋ? ನೀನೇ ಅಂತಿದ್ದೆ, ಮುಟ್ಟಬಾರ್ದು ಅಂತ. ಮ್ಯಾಲಾಗಿ ಮಾವಗೆ ಮಾತು ಕೊಟ್ಟೀನಿ, ಹೆಸರು ಹೆಂಗೆ ಬರೀಲಿ?”

“ಹಂಗಾದ್ರೆ ನಿಂಗೆ ತೋಚಿದ್ದು ಬರಿ” ಎಂದೆ.

ಅವಳು ಕನ್ನಡಕ ಸರಿಮಾಡಿಕೊಂಡು ಪುಟದ ಮೇಲೆ ಬಾಗಿದಳು. ಪೆನ್ಸಿಲಿನ ಮೊನೆ ಕಾಗದಕ್ಕೆ ತಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಮಾವನ ಸೊಟ್ಟ ಒಂಬತ್ತಿನ ಎದುರು, ಸಣ್ಣ ಹುಡುಗಿಯ ಒಂಬತ್ತಿನ ಕೆಳಗೆ, ಮುದುಕಿಯ ಕೈಯ ಇನ್ನೊಂದು ಒಂಬತ್ತು ಇತ್ತು. ಅದರ ಹೊಟ್ಟೆಯನ್ನು ಬೇಕೆಂದೇ ಬಲಕ್ಕೆ ತಿರುಗಿಸಿದ್ದಳು, ಮಾವನದರಂತೆಯೇ.